ಕಂಸಾಳೆ: ಪುಸ್ತಕ ಬಿಟ್ಟ ಭಾಗ



ಗುಂಡ್ಲುಪೇಟೆಯಿಂದ ಊಟಿಯತ್ತ ಹೊರಟರೆ ಹಂಗಳ ಸಿಗುತ್ತದೆ. ಈ ಸೀಮೆಯಲ್ಲಿ ಮಲೆಯ ಮಾದಪ್ಪನ ಒಕ್ಕಲು ಬಹಳ. ಮಾದಪ್ಪನ ಕಥೆಯನ್ನು ತಲೆಮಾರುಗಳಿಂದ ಹಾಡುತ್ತ ಬಂದವರು ದೇವರಗುಡ್ಡರು. ಅವರ ವಾದ್ಯ ಕಂಸಾಳೆ: ಎಡಗೈಯಲ್ಲಿ ಕಂಚಿನ ಬಟ್ಟಲು, ಬಲಗೈಯಲ್ಲಿ ದಾರ ಕಟ್ಟಿದ ಕಂಚಿನ ಚಪ್ಪಟೆ ಬಿಲ್ಲೆ.

ಕುಳಿತು ಕಥೆ ಹಾಡುವಾಗ ಅದು ಲಯ ಹಿಡಿಯುತ್ತದೆ. ಬೀಸು ಕಂಸಾಳೆಯಲ್ಲಿ ಅದೇ ಬಿಲ್ಲೆ ಗಾಳಿಯಲ್ಲಿ ಸುತ್ತಿ ಬಂದು ತನ್ನ ಬಟ್ಟಲಿಗೆ, ಕೆಲವೊಮ್ಮೆ ಪಕ್ಕದವರ ಬಟ್ಟಲಿಗೂ ಬಡಿಯುತ್ತದೆ. ಹೆಜ್ಜೆ ಒಂದು ಗೇಣು ತಪ್ಪಿದರೆ ಲಯವೂ ತಪ್ಪಿತು! ಹಾಡು, ನಾದ, ಕುಣಿತ, ನೋಟ ನಾಲ್ಕೂ ಇಲ್ಲಿ ಒಂದನ್ನೊಂದು ನೆಚ್ಚಿಕೊಂಡಿವೆ.

ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ ಮಾದೇಶ್ವರ ಕಾವ್ಯವನ್ನು ಕೇಶವನ್ ಪ್ರಸಾದ್ ಸಂಗ್ರಹಿಸಿದರು. 2001ರಲ್ಲಿ ಸಾಹಿತ್ಯ ಅಕಾದೆಮಿ ಅದರ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿತು. ಹೀಗೆ ಮಾತು ಉಳಿಯಿತು. ದನಿಯ ಏರಿಳಿತ, ಕೈಯ ಚಲನೆ ಪುಟಕ್ಕೆ ಇಳಿಯಲಿಲ್ಲ. ಕ್ಯಾಮೆರಾ ಹಿಡಿದ ನಾವೂ ಎಡವುತ್ತೇವೆ. ಕಲಾವಿದರ ಮುಖವನ್ನಷ್ಟೇ ತೋರಿಸಿದರೆ ನಾದ ಹುಟ್ಟಿದ ಬಗೆ ನಿಮಗೆ ಕಾಣುವುದಿಲ್ಲ.

ಜಾತ್ರೆಯಲ್ಲಿ ಬೀಸು ಕಂಸಾಳೆ ಕಂಡಾಗ ಹತ್ತಿರ ನಿಂತು ನೋಡಿ. ಕಂಚು ಮೊಳಗಿದ ಕ್ಷಣ ಕಲಾವಿದರ ಪಾದ ಎಲ್ಲಿತ್ತು, ಕೈ ಎಲ್ಲಿತ್ತು? ಬರೆದಿಡಿ. ಪುಸ್ತಕ ಬಿಟ್ಟ ಇತಿಹಾಸವನ್ನು ನೀವು ದಾಖಲಿಸಿದಂತಾಗುತ್ತದೆ.