ಸೆರಾಂಪುರದ ಪದವಿಗೆ ಎಷ್ಟು ತೂಕ?

ಕನ್ನಡ ನಾಡಿನಲ್ಲಿ ಎಂದೂ ನೆಲೆಸದ ಇಂಗ್ಲಿಷ್ ಪಾದ್ರಿಯೊಬ್ಬರು 1817ರಲ್ಲಿ ಕನ್ನಡಕ್ಕೊಂದು ವ್ಯಾಕರಣ ಬರೆದು ಅಚ್ಚು ಹಾಕಿಸಿದರು. ಅವರ ಹೆಸರು ವಿಲಿಯಂ ಕ್ಯಾರಿ. ಪುಸ್ತಕ ಅಚ್ಚಾದದ್ದು ಕಲ್ಕತ್ತೆಗೆ ಹತ್ತಿರದ, ಹೂಗ್ಲಿ ನದಿಯ ದಂಡೆಯ ಸೆರಾಂಪುರದಲ್ಲಿ. ಮರುವರ್ಷ ಅದೇ ಊರಿನಲ್ಲಿ ಕ್ಯಾರಿ, ಜೋಶುವಾ ಮಾರ್ಷ್‌ಮನ್ ಮತ್ತು ವಿಲಿಯಂ ವಾರ್ಡ್ ಸೇರಿ ಒಂದು ಕಾಲೇಜನ್ನು ತೆರೆದರು. ಆ ಕಾಲೇಜಿನ ಹೆಸರು ಹೊತ್ತ ಪದವಿಗಳನ್ನು ಕರ್ನಾಟಕದ ಪಾದ್ರಿಗಳು, ಧರ್ಮಶಾಸ್ತ್ರದ ಅಧ್ಯಾಪಕರು ಇಂದಿಗೂ ಪಡೆಯುತ್ತಿದ್ದಾರೆ.

ಈ ಪದವಿಯ ಬೆಲೆ ಎಷ್ಟು ಎಂಬುದು ಹಳೆಯ ಪ್ರಶ್ನೆ. ಭಾರತದಲ್ಲಿ ಪದವಿ ನೀಡುವ ಅಧಿಕಾರ ಮೊದಲು ಸಿಕ್ಕಿದ್ದು ಈ ಸಂಸ್ಥೆಗೇ ಎಂದು ಅಭಿಮಾನಿಗಳು ಹೇಳುತ್ತಾರೆ. ಮತಪ್ರಚಾರಕರು ಕಟ್ಟಿದ ಸಂಸ್ಥೆಯಲ್ಲಿ ವಿದ್ವತ್ತು ಎಲ್ಲಿಂದ ಬಂದೀತು ಎಂದು ಇತರರು ಕೇಳುತ್ತಾರೆ. ಮೂರು ನಾಲ್ಕು ವರ್ಷ ಓದಿ ಬಂದ ಯುವಕನಿಗೆ ಇದು ಬರೀ ವಾದವಲ್ಲ. ಅವನ ಪ್ರಮಾಣಪತ್ರಕ್ಕೆ ಚರ್ಚಿನ ಆಚೆ ಬೆಲೆ ಇದೆಯೇ ಇಲ್ಲವೇ ಎಂಬುದು ಈ ಉತ್ತರದ ಮೇಲೆ ನಿಂತಿದೆ.

ದೊರೆ ಕೊಟ್ಟ ಸನ್ನದು

ಸೆರಾಂಪುರ ಆಗ ಬ್ರಿಟಿಷರದಲ್ಲ, ಡೆನ್ಮಾರ್ಕಿನದು. 1827ರ ಫೆಬ್ರವರಿ 23ರಂದು ಡೆನ್ಮಾರ್ಕ್ ದೊರೆ ಆರನೇ ಫ್ರೆಡರಿಕ್ ಕಾಲೇಜಿಗೆ ರಾಜಸನ್ನದು ನೀಡಿದರು. ಕೋಪನ್‌ಹೇಗನ್ ಮತ್ತು ಕೀಲ್ ವಿಶ್ವವಿದ್ಯಾನಿಲಯಗಳಿಗೆ ಇದ್ದಂತೆಯೇ ಪದವಿ ನೀಡುವ ಅಧಿಕಾರ ಈ ಪುಟ್ಟ ಊರಿನ ಕಾಲೇಜಿಗೂ ಬಂತು. ಕಲ್ಕತ್ತ, ಮುಂಬಯಿ, ಮದ್ರಾಸ್ ವಿಶ್ವವಿದ್ಯಾನಿಲಯಗಳು ಹುಟ್ಟಿದ್ದು 1857ರಲ್ಲಿ, ಅಂದರೆ ಮೂವತ್ತು ವರ್ಷಗಳ ನಂತರ.

ಕಾಲೇಜಿನ ಸ್ಥಾಪಕರು ನಂಬಿಕೆಯ ವಿಷಯದಲ್ಲಿ ಕಟ್ಟುನಿಟ್ಟಿನ ಬ್ಯಾಪ್ಟಿಸ್ಟರು. ಕ್ರಿಸ್ತನ ದೈವತ್ವವನ್ನು ವಿರೋಧಿಸುವವರು ಅಲ್ಲಿ ಅಧ್ಯಾಪಕರಾಗುವಂತಿರಲಿಲ್ಲ. ಆದರೆ ಕಲಿಯಲು ಬರುವವರಿಗೆ ಜಾತಿ, ಬಣ್ಣ, ದೇಶ ಯಾವುದೂ ಅಡ್ಡಿಯಾಗಬಾರದು ಎಂಬುದೂ ಅವರದೇ ನಿಯಮ. ಹಿಂದೂ, ಮುಸ್ಲಿಂ ಹುಡುಗರಿಗೂ ಬಾಗಿಲು ತೆರೆದಿತ್ತು. ಪೂರ್ವದೇಶದ ಸಾಹಿತ್ಯ ಮತ್ತು ಯುರೋಪಿನ ವಿಜ್ಞಾನ, ಇವೆರಡನ್ನೂ ಕಲಿಸುವುದು ಗುರಿ ಎಂದು 1818ರ ಪ್ರಕಟಣೆಯಲ್ಲೇ ಸಾರಲಾಗಿತ್ತು. ಸಂಸ್ಕೃತಕ್ಕೆ ಮೊದಲ ಪಂಕ್ತಿಯ ಮಣೆ. ಸುವಾರ್ತೆ ಸಾರಲು ಕೊಟ್ಟ ಹಣವನ್ನು ಸಂಸ್ಕೃತಕ್ಕೂ ವಿಜ್ಞಾನಕ್ಕೂ ಸುರಿಯುವುದೇಕೆ ಎಂದು ಇಂಗ್ಲೆಂಡಿನಲ್ಲಿ ಆಕ್ಷೇಪಗಳೂ ಎದ್ದವು.

ಸಂಸ್ಥೆಯ ಹೊರಗೂ ಕೆಲಸ ಜೋರಾಗಿತ್ತು. 1818ರಲ್ಲೇ ಸೆರಾಂಪುರದಿಂದ 'ಸಮಾಚಾರ ದರ್ಪಣ' ಎಂಬ ಬಂಗಾಳಿ ವಾರಪತ್ರಿಕೆ ಹೊರಟಿತು. 1812ರಲ್ಲಿ ಅಚ್ಚುಕೂಟಕ್ಕೆ ಬೆಂಕಿ ಬಿದ್ದು ಹಸ್ತಪ್ರತಿಗಳು, ಕಾಗದ, ಅಚ್ಚುಮೊಳೆಗಳು ನಾಶವಾಗಿದ್ದವು. ಉಳಿದ ಪಡಿಯಚ್ಚುಗಳಿಂದ ಮೊಳೆಗಳನ್ನು ಮತ್ತೆ ಎರಕ ಹೊಯ್ದು ಕೆಲಸ ಮುಂದುವರಿಸಿದ್ದರು. ಹತ್ತಾರು ಭಾಷೆಗಳಲ್ಲಿ ಬೈಬಲ್ ಭಾಗಗಳು ಅಲ್ಲಿಂದ ಹೊರಬಂದವು.

ಬಳ್ಳಾರಿಯಲ್ಲಿ ಆದ ಪರೀಕ್ಷೆ

ಹತ್ತಾರು ಭಾಷೆ ಎಂಬ ಸಂಖ್ಯೆ ದೊಡ್ಡದು. ಆದರೆ ಸಂಖ್ಯೆಯೇ ಗುಣವಲ್ಲ. ಈ ಮಾತಿಗೆ ಬಳ್ಳಾರಿ ಸೀಮೆಗಿಂತ ಒಳ್ಳೆಯ ಸಾಕ್ಷಿ ಸಿಗದು.

ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಆಗ ಬಳ್ಳಾರಿ, ಹೊಸಪೇಟೆ, ಕಂಪ್ಲಿ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದವು. ಚೋರನೂರು ಕಡೆಯ ಸಂಡೂರು ಘೋರ್ಪಡೆ ಮನೆತನದ ಸಂಸ್ಥಾನವಾಗಿತ್ತು. ಹ್ಯಾಂಡ್ಸ್ ಬಳ್ಳಾರಿಯಲ್ಲೇ ನೆಲೆ ನಿಂತು, ಶಾಲೆ ನಡೆಸಿ, ಪೇಟೆ ಜಾತ್ರೆಗಳಲ್ಲಿ ಜನರ ನಡುವೆ ಓಡಾಡಿ ಕನ್ನಡ ಕಲಿತರು. ಸೆರಾಂಪುರದವರ ಕನ್ನಡ ಹೊಸ ಒಡಂಬಡಿಕೆ 1820ರ ದಶಕದ ಆರಂಭದಲ್ಲಿ ಅಚ್ಚಾಯಿತು. ಹ್ಯಾಂಡ್ಸ್ ಮತ್ತು ಅವರ ಸಂಗಡಿಗರ ಅನುವಾದವೂ ಅದೇ ಕಾಲದಲ್ಲಿ ಸಿದ್ಧವಾಗುತ್ತಿತ್ತು. 1830ರ ದಶಕದ ಆರಂಭಕ್ಕೆ ಅವರು ಬೈಬಲನ್ನು ಪೂರ್ತಿಯಾಗಿ ಕನ್ನಡಕ್ಕೆ ತಂದರು. ಬಳಕೆಯಲ್ಲಿ ನಿಂತದ್ದು ಬಳ್ಳಾರಿಯ ಕನ್ನಡ. ಸೆರಾಂಪುರದ್ದು ಹಿಂದೆ ಸರಿಯಿತು.

ಕಾರಣ ಸರಳ. ಕ್ಯಾರಿಗೆ ಕನ್ನಡ ಬಲ್ಲ ಪಂಡಿತರ ನೆರವಿತ್ತು, ಸಂಸ್ಕೃತದ ಬಲವೂ ಇತ್ತು. ಆದರೆ ಬರೆದ ವಾಕ್ಯವನ್ನು ಕೇಳಿ 'ಹೀಗೆ ಯಾರೂ ಮಾತಾಡುವುದಿಲ್ಲ' ಎನ್ನುವ ಜನ ಸುತ್ತಮುತ್ತ ಇರಲಿಲ್ಲ. ಹ್ಯಾಂಡ್ಸ್ ಸುತ್ತ ಅಂಥವರೇ ಇದ್ದರು. ಬಳ್ಳಾರಿಯಲ್ಲೂ ಬೆಂಗಳೂರಿನಲ್ಲೂ ಕೆಲಸ ಮಾಡಿದ ವಿಲಿಯಂ ರೀವ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1832ರಲ್ಲಿ ಬಂತು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಬಂದ ಫರ್ಡಿನೆಂಡ್ ಕಿಟ್ಟೆಲ್ ಅವರ ನಿಘಂಟು ಅದನ್ನೂ ಮೀರಿಸಿತು. ಬಾಸೆಲ್ ಮಿಷನ್ ಕೂಡ ಸಂಪ್ರದಾಯನಿಷ್ಠ ಸಂಸ್ಥೆಯೇ. ಅದಕ್ಕೆ ಪದವಿ ಕೊಡುವ ಅಧಿಕಾರ ಇರಲಿಲ್ಲ. ಆದರೂ ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾನಿಲಯ ಅದರ ಮಿಷನರಿ ಕಿಟ್ಟೆಲ್ ಅವರಿಗೆ 1896ರಲ್ಲಿ ಗೌರವ ಡಾಕ್ಟರೇಟ್ ನೀಡಿತು. ಸನ್ನದು ಇದ್ದ ಕಡೆಯ ಕನ್ನಡ ಕೆಲಸ ಹಿಂದೆ ಬಿತ್ತು, ಸನ್ನದು ಇಲ್ಲದ ಕಡೆಯ ಕೆಲಸಕ್ಕೆ ವಿಶ್ವವಿದ್ಯಾನಿಲಯವೇ ತಲೆಬಾಗಿತು.

ಎಂಬತ್ತೆಂಟು ವರ್ಷಗಳ ನಂತರ

ಸೆರಾಂಪುರದ ಸನ್ನದಿನ ಕಥೆಯಲ್ಲಿ ಇನ್ನೊಂದು ವಿಚಿತ್ರವಿದೆ. 1827ರಲ್ಲಿ ಅಧಿಕಾರ ಬಂದರೂ ಕಾಲೇಜು ಬಹುಕಾಲ ಅದನ್ನು ಬಳಸಲಿಲ್ಲ. 1845ರಲ್ಲಿ ಡೆನ್ಮಾರ್ಕ್ ಊರನ್ನು ಬ್ರಿಟಿಷರಿಗೆ ಮಾರಿತು. ಕಾಲೇಜಿನ ಸನ್ನದನ್ನು ಮಾನ್ಯ ಮಾಡಬೇಕು ಎಂಬ ಕರಾರು ಆ ಒಪ್ಪಂದದಲ್ಲೇ ಸೇರಿತ್ತು. 1857ರಲ್ಲಿ ಕಾಲೇಜು ಕಲ್ಕತ್ತ ವಿಶ್ವವಿದ್ಯಾನಿಲಯದ ಅಧೀನಕ್ಕೆ ಹೋಯಿತು. 1883ರಲ್ಲಿ ಸಾಮಾನ್ಯ ತರಗತಿಗಳು ನಿಂತು, ಪಾದ್ರಿಗಳನ್ನು ತಯಾರು ಮಾಡುವ ಶಾಲೆಯಾಗಿ ಮಾತ್ರ ಉಳಿಯಿತು.

1906ರಲ್ಲಿ ಬಂದ ಜಾರ್ಜ್ ಹೋವೆಲ್ಸ್ ಹಳೆಯ ಸನ್ನದಿಗೆ ಜೀವ ತುಂಬಿದರು. ಸನ್ನದಿನ ಅಡಿ ಮೊದಲ ಧರ್ಮಶಾಸ್ತ್ರ ಪದವಿ, ಅಂದರೆ ಬಿ.ಡಿ., ಪ್ರದಾನವಾದದ್ದು 1915ರ ಡಿಸೆಂಬರ್‌ನಲ್ಲಿ. ಅಧಿಕಾರ ಸಿಕ್ಕ ಎಂಬತ್ತೆಂಟು ವರ್ಷಗಳ ನಂತರ! 1918ರ ಸೆರಾಂಪುರ ಕಾಲೇಜು ಕಾಯಿದೆ ವ್ಯವಸ್ಥೆಯನ್ನು ಬಿಗಿ ಮಾಡಿತು. ಬೇರೆ ಬೇರೆ ಸಭೆಗಳ ಪ್ರತಿನಿಧಿಗಳಿರುವ ಸೆನೆಟ್ ರಚನೆಯಾಗಿ, ಪಠ್ಯಕ್ರಮ ಮತ್ತು ಪರೀಕ್ಷೆಗಳ ಹೊಣೆ ಅದಕ್ಕೆ ಬಂತು. ಒಂದೇ ಮಿಷನ್ನಿನ ಮಾತು ಕೊನೆಯ ಮಾತಾಗುವ ಕಾಲ ಮುಗಿಯಿತು.

ಇಂದು ಅದೇ ಆವರಣದಲ್ಲಿ ಎರಡು ಬಗೆಯ ಪದವಿಗಳಿವೆ. ಕಲೆ, ವಿಜ್ಞಾನ ಓದುವವರಿಗೆ ಕಲ್ಕತ್ತ ವಿಶ್ವವಿದ್ಯಾನಿಲಯದ ಪದವಿ. ಧರ್ಮಶಾಸ್ತ್ರ ಓದುವವರಿಗೆ ಮಾತ್ರ ಸೆರಾಂಪುರದ್ದೇ ಪದವಿ. ವಿಶ್ವವಿದ್ಯಾನಿಲಯ ಎಂಬ ದೊಡ್ಡ ಹೆಸರಿನ ಹಿಂದಿರುವ ವ್ಯಾಪ್ತಿ ಇಷ್ಟೇ. ಆದರೆ ವ್ಯಾಪ್ತಿ ಕಿರಿದಾದ ಮಾತ್ರಕ್ಕೆ ತೂಕ ಕಡಿಮೆ ಎನ್ನಲಾಗದು. 1991ರಲ್ಲಿ ಹುಟ್ಟಿದ ಹಂಪಿಯ ಕನ್ನಡ ವಿಶ್ವವಿದ್ಯಾಲಯವೂ ಒಂದು ಭಾಷೆ, ಒಂದು ಸಂಸ್ಕೃತಿಯ ಅಧ್ಯಯನಕ್ಕೆ ಮೀಸಲಾಗಿ ಬಂದದ್ದೇ.

ಕಾರ್ಕಳದಿಂದ ಸೆರಾಂಪುರಕ್ಕೆ

ಕರ್ನಾಟಕದಲ್ಲಿ ಸೆರಾಂಪುರಕ್ಕೆ ಸೇರಿದ ಎರಡು ಪ್ರಮುಖ ಕಾಲೇಜುಗಳಿವೆ. 1910ರಲ್ಲಿ ಆರಂಭವಾದ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜು ಒಂದು. 1847ರ ಬಾಸೆಲ್ ಮಿಷನ್ ಸೆಮಿನರಿಯಲ್ಲಿ ಬೇರು ಇರುವ, 1965ರಲ್ಲಿ ಈಗಿನ ರೂಪ ಪಡೆದ ಮಂಗಳೂರಿನ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಇನ್ನೊಂದು.

ಈ ಎರಡೂ ಪರಂಪರೆಗಳಲ್ಲಿ ಪಾಠ ಹೇಳಿದವರು ಕಾರ್ಕಳದಲ್ಲಿ 1920ರಲ್ಲಿ ಹುಟ್ಟಿದ ಸ್ಟ್ಯಾನ್ಲಿ ಸಮರ್ಥ. ಅವರು 1966ರಲ್ಲಿ ಸೆರಾಂಪುರ ಕಾಲೇಜಿನ ಪ್ರಾಂಶುಪಾಲರೂ ಆದರು. ಮುಂದೆ ಜಿನೀವಾದ ಜಾಗತಿಕ ಚರ್ಚುಗಳ ಒಕ್ಕೂಟದಲ್ಲಿ ಅನ್ಯಧರ್ಮಗಳೊಡನೆ ಸಂವಾದ ನಡೆಸುವ ವಿಭಾಗವನ್ನು ಕಟ್ಟಿದರು. ಮತಾಂತರವೇ ಗುರಿಯೆಂದು ಬಂದವರು ಕಟ್ಟಿದ ಸಂಸ್ಥೆಯ ಪೀಠದಲ್ಲಿ, ಹಿಂದೂ ಚಿಂತನೆಗೆ ಕಿವಿಗೊಡಬೇಕೆನ್ನುವ ಕನ್ನಡಿಗರು ಕೂತಿದ್ದರು.

ಸಂಪ್ರದಾಯನಿಷ್ಠರಿಗೆ ಇಂಥ ಉದಾರತೆ ಹಿಡಿಸಲಿಲ್ಲ. ಸೆರಾಂಪುರದ ಪಾಠದಲ್ಲಿ ವಿಮರ್ಶೆ ಹೆಚ್ಚಾಗಿ ನಂಬಿಕೆ ಸಡಿಲವಾಯಿತು ಎಂಬುದು ಅವರ ದೂರು. ಅವರು ಬೇರೆ ದಾರಿ ಹಿಡಿದರು. 1953ರಲ್ಲಿ ಯವತಮಾಳದಲ್ಲಿ ಯೂನಿಯನ್ ಬಿಬ್ಲಿಕಲ್ ಸೆಮಿನರಿ ತೆರೆಯಿತು. ಅದು ಈಗ ಪುಣೆಯಲ್ಲಿದೆ. ಸಂಪ್ರದಾಯನಿಷ್ಠ ಶಾಲೆಗಳಿಗೆ ಮಾನ್ಯತೆ ನೀಡಲು 1970ರಲ್ಲಿ ಏಷ್ಯಾ ಥಿಯಲಾಜಿಕಲ್ ಅಸೋಸಿಯೇಷನ್ ಹುಟ್ಟಿತು. 1980ರ ದಶಕದಲ್ಲಿ ಆರಂಭವಾಗಿ ಬೆಂಗಳೂರಿನಲ್ಲಿ ನೆಲೆ ನಿಂತ 'ಸಯಾಕ್ಸ್' ಉನ್ನತ ಸಂಶೋಧನೆಗೇ ಮೀಸಲಾಯಿತು. ಗಮನಿಸಬೇಕಾದ ಸಂಗತಿ ಎಂದರೆ ಹೊರಗಿನವರ ಒಪ್ಪಿಗೆ ಬೇಕೆಂದು ಇವರಿಗೂ ಅನ್ನಿಸಿತು. ಯವತಮಾಳದಲ್ಲಿ ಹುಟ್ಟಿದ ಸೆಮಿನರಿ ಸೆರಾಂಪುರದ ಸೆನೆಟ್ಟಿಗೂ ಸೇರಿತು. ಸಯಾಕ್ಸ್ ಡಾಕ್ಟರೇಟ್ ಸಂಶೋಧನೆಗೆ ಮೈಸೂರು ವಿಶ್ವವಿದ್ಯಾನಿಲಯದ ಮಾನ್ಯತೆ ಪಡೆಯಿತು.

ಅಮೆರಿಕದಲ್ಲೂ ಇದೇ ಕಥೆ. 1927ರಲ್ಲಿ ಆರಂಭವಾದ ಬಾಬ್ ಜೋನ್ಸ್ ವಿಶ್ವವಿದ್ಯಾನಿಲಯ ಹೊರಗಿನವರ ಮಾನ್ಯತೆ ಬೇಡವೆಂದು ದಶಕಗಳ ಕಾಲ ಪಟ್ಟು ಹಿಡಿದಿತ್ತು. ಕೊನೆಗೆ 2017ರಲ್ಲಿ ಇತರ ವಿಶ್ವವಿದ್ಯಾನಿಲಯಗಳನ್ನು ಅಳೆಯುವ ಪ್ರಾದೇಶಿಕ ಸಂಸ್ಥೆಯ ಮುಂದೆಯೇ ನಿಂತು ಮಾನ್ಯತೆ ಪಡೆಯಿತು. ಹೊರಗೆ ಹೋದ ವಿದ್ಯಾರ್ಥಿಯ ಪ್ರಮಾಣಪತ್ರವನ್ನು ನೋಡುವವರು ಅವನ ನಂಬಿಕೆಯವರೇ ಆಗಿರಬೇಕಿಲ್ಲವಲ್ಲ.

ತೂಕ ಹಾಕುವ ಬಗೆ

ಹಾಗಾದರೆ ತಕ್ಕಡಿಯಲ್ಲಿ ಏನಿಡಬೇಕು? ಸನ್ನದಿನ ವಯಸ್ಸನ್ನಲ್ಲ, ಏಕೆಂದರೆ ಆ ಸನ್ನದು ಎಂಬತ್ತೆಂಟು ವರ್ಷ ಪೆಟ್ಟಿಗೆಯಲ್ಲೇ ಇತ್ತು. ಸ್ಥಾಪಕರ ಭಕ್ತಿಯನ್ನೂ ಅಲ್ಲ, ಏಕೆಂದರೆ ಸೆರಾಂಪುರದ ವ್ಯಾಕರಣ ಬರೆದವರೂ ಮಂಗಳೂರಿನ ನಿಘಂಟು ಮಾಡಿದವರೂ ಭಕ್ತರೇ. ಬಾಗಿಲು ಯಾರಿಗೆ ತೆರೆದಿದೆ, ಪರೀಕ್ಷೆ ಮಾಡುವವರು ಯಾರು, ತಪ್ಪನ್ನು ತೋರಿಸುವವರಿಗೆ ಜಾಗ ಇದೆಯೇ, ಇವನ್ನು ಕೇಳಬೇಕು. ಮೊದಲ ಪ್ರಶ್ನೆಗೆ ಸೆರಾಂಪುರ ಆರಂಭದಲ್ಲೇ ಒಳ್ಳೆಯ ಉತ್ತರ ಕೊಟ್ಟಿತ್ತು. ಎರಡನೆಯದಕ್ಕೆ ಉತ್ತರ ಸಿಕ್ಕಿದ್ದು 1918ರ ಕಾಯಿದೆಯ ನಂತರ. ಮೂರನೆಯದಕ್ಕೆ ಪ್ರತಿ ತಲೆಮಾರೂ ಹೊಸದಾಗಿ ಉತ್ತರ ಕೊಡಬೇಕಾಗುತ್ತದೆ.

ಈ ಅಳತೆ ಕ್ರೈಸ್ತ ಸಂಸ್ಥೆಗಳಿಗಷ್ಟೇ ಅಲ್ಲ, ಮಠದ ಪಾಠಶಾಲೆಗೂ, ಮದರಸಾಕ್ಕೂ, ಸರ್ಕಾರದ ವಿಶ್ವವಿದ್ಯಾನಿಲಯಕ್ಕೂ ಒಂದೇ. ಕ್ಯಾರಿಯ ಕನ್ನಡಕ್ಕೆ ತೀರ್ಪು ಕೊಟ್ಟದ್ದು ದೊರೆಯೂ ಅಲ್ಲ, ಸೆನೆಟ್ಟೂ ಅಲ್ಲ. ಆ ಪರೀಕ್ಷೆಯಲ್ಲಿ ಪರೀಕ್ಷಕರಾಗಿ ಕೂತವರು ಕನ್ನಡವನ್ನು ಆಡುವ ಜನ.