ಹ್ಯೂಮನ ಕೊಳವೆ

ಕೃಷ್ಣೆಯ ದಂಡೆಯ ಜುಗೂಳದಲ್ಲಿ ಹಿರಿಯರೊಬ್ಬರು ಹೊಲದ ದಾರಿಯ ಮೋರಿಯನ್ನು ತೋರಿಸಿ 'ಹೂಮಪೈಪು' ಎಂದರು. ಕನ್ನಡವೇ ಆಗಿಹೋದ ಈ ಮಾತು ಒಬ್ಬ ಮನುಷ್ಯನ ಹೆಸರೆಂದರೆ ಅವರು ನಂಬಲೊಲ್ಲರು. ಆಸ್ಟ್ರೇಲಿಯದ ವಾಲ್ಟರ್ ಹ್ಯೂಮ್ 1910ರಲ್ಲಿ ಹೂಡಿದ ಉಪಾಯವದು: ಉಕ್ಕಿನ ಸರಳುಗಳ ಪಂಜರವಿಟ್ಟ ಅಚ್ಚನ್ನು ಅಡ್ಡಲಾಗಿ ಗರಗರನೆ ತಿರುಗಿಸಿದರೆ ಹಸಿ ಕಾಂಕ್ರೀಟು ಹೊರಮೈಗೆ ಒತ್ತಿ ಬಿಗಿಯುತ್ತದೆ, ನಡುವೆ ಟೊಳ್ಳು ಉಳಿಯುತ್ತದೆ. ನೀರು ತುಂಬಿದ ತಂಬಿಗೆಯನ್ನು ಚೆಲ್ಲದಂತೆ ಗಿರ್ರನೆ ಬೀಸಿದ ಹುಡುಗರೆಲ್ಲ ಇದರ ಮರ್ಮ ಬಲ್ಲರು. ಆಮೇಲೆ ದಿನಗಟ್ಟಲೆ ನೀರುಣಿಸಬೇಕು. 1926ರಲ್ಲಿ ಮುಂಬಯಿಯಲ್ಲಿ ಇಂಡಿಯನ್ ಹ್ಯೂಮ್ ಪೈಪ್ ಕಂಪನಿಯನ್ನು ಕಟ್ಟಿದವರು ನಮ್ಮ ನೆರೆಯ ಸೋಲಾಪುರದ ವಾಲಚಂದ ಹೀರಾಚಂದರು. ಸಕ್ಕರೆ, ಹಡಗು, ವಿಮಾನಗಳಿಂದ ಅವರ ಹೆಸರು ಉಳಿಯಿತು, ಕೊಳವೆಯಿಂದ ಹ್ಯೂಮನದು. ಅಚ್ಚು ತಿರುಗಿಸಿ, ನೀರುಣಿಸಿದ ಕೂಲಿಗಳ ಹೆಸರು ಯಾವ ಮೋರಿಗೂ ಅಂಟಿಲ್ಲ.

ಹಿರಿಯರು ಬಗ್ಗಿ ಒಳಗೆ ಇಣುಕಿ, "ಯಾರರ ಮಾಡಿರಲಿ, ಹೊಳಿ ಬಂದ್ರೂ ಜಗ್ಗಿಲ್ಲ ನೋಡ್ರಿ" ಎಂದರು.