ಮಿಲ್ (ಪದ)

ಮಿಲ್ ಎಂಬುದು ಇಂಗ್ಲಿಷಿನಿಂದ ಬಂದು ಕನ್ನಡದಲ್ಲಿ ನೆಲೆಸಿರುವ ಪದ. ಧಾನ್ಯ ಬೀಸುವ ಯಂತ್ರ ಅಥವಾ ಅದಿರುವ ಕಟ್ಟಡ ಎಂಬುದು ಇದರ ಮೂಲಾರ್ಥ. ಲ್ಯಾಟಿನ್ ಭಾಷೆಯಲ್ಲಿ ಬೀಸುಕಲ್ಲಿಗಿದ್ದ ‘ಮೋಲ’ ಎಂಬ ಹೆಸರಿನಿಂದ ಇದು ಹುಟ್ಟಿದೆ. ದವಡೆ ಹಲ್ಲಿನ ‘ಮೋಲಾರ್’ ಎಂಬ ಹೆಸರೂ ಅದೇ ಮೂಲದ್ದು. ಇಂಗ್ಲಿಷ್ ಒಂದೇ ಪದದಲ್ಲಿ ಹೇಳುವುದಕ್ಕೆ ಕನ್ನಡದಲ್ಲಿ ಬೀಸುಕಲ್ಲು, ಗಾಣ, ಗಿರಣಿ ಎಂಬ ಬೇರೆಬೇರೆ ಪದಗಳಿವೆ.

ನೂಲುವ ಕಾರ್ಖಾನೆಯಲ್ಲಿ ಏನನ್ನೂ ಬೀಸುವುದಿಲ್ಲ. ಆದರೂ ಅದು ಮಿಲ್ ಎನಿಸಿಕೊಂಡಿತು. 1771ರಲ್ಲಿ ರಿಚರ್ಡ್ ಆರ್ಕ್‌ರೈಟ್ ಇಂಗ್ಲೆಂಡಿನ ಕ್ರಾಮ್‌ಫರ್ಡ್‌ನಲ್ಲಿ ಆರಂಭಿಸಿದಂತಹ ಕಾರ್ಖಾನೆಗಳು ಹಿಟ್ಟಿನ ಗಿರಣಿಗಳಂತೆಯೇ ನೀರಿನ ಚಕ್ರದಿಂದ ನಡೆಯುತ್ತಿದ್ದುದು ಇದಕ್ಕೆ ಕಾರಣ. ದಾವಣಗೆರೆಯಲ್ಲಿ ಬೇರೂರಿದ್ದು ಈ ಅರ್ಥವೇ. ಹತ್ತಿ ಗಿರಣಿಗಳಿಂದ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂದು ಹೆಸರಾದ ಈ ನಗರದಲ್ಲಿ ಮಿಲ್ ಎಂದರೆ ಕೂಲಿ, ಪಾಳಿ, ಕಾರ್ಮಿಕ ಸಂಘಗಳೆಲ್ಲವೂ ಸೇರಿದ ಬದುಕಾಗಿತ್ತು. ಕಾರ್ಮಿಕ ನಾಯಕ ಪಂಪಾಪತಿ ಇಲ್ಲಿಂದ ಸಿಪಿಐ ಶಾಸಕರಾಗಿ ಆಯ್ಕೆಯಾಗಿದ್ದರು. ಮುಂದೆ ಗಿರಣಿಗಳು ಮುಚ್ಚಿ, ಅವುಗಳನ್ನೇ ನಂಬಿದ್ದ ಕುಟುಂಬಗಳು ಕೆಲಸ ಕಳೆದುಕೊಂಡವು.

ಬಾತಿ, ಹರಿಹರಗಳ ಸುತ್ತ ಈಗ ಹೆಚ್ಚು ಕೇಳಿಬರುವುದು ‘ರೈಸ್ ಮಿಲ್’. ಭದ್ರಾ ನಾಲೆಯ ನೀರಿನಲ್ಲಿ ಬೆಳೆದ ಭತ್ತ ಅಲ್ಲಿ ಅಕ್ಕಿಯಾಗುತ್ತದೆ. ಇಲ್ಲಿಯೂ ಬೀಸುವುದಿಲ್ಲ, ಹೊಟ್ಟು ಬಿಡಿಸುತ್ತಾರೆ. ಯಂತ್ರಶಾಲೆಗಳಲ್ಲಿ ತಿರುಗುವ ಹಲ್ಲಿನ ಉಪಕರಣದಿಂದ ಲೋಹ ಕೊರೆಯುವುದಕ್ಕೆ ‘ಮಿಲ್ಲಿಂಗ್’ ಎನ್ನುತ್ತಾರೆ. 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಆರಂಭವಾದ ಹರಿಹರಕ್ಕೆ ಇಂತಹ ಪದಗಳು ಹೊಸತಲ್ಲ.

ಅಮೆರಿಕದಲ್ಲಿ ಆಸ್ತಿ ತೆರಿಗೆ ಲೆಕ್ಕಹಾಕಲು ಬಳಸುವ, ಡಾಲರಿನ ಸಾವಿರದಲ್ಲೊಂದು ಭಾಗವಾದ ‘ಮಿಲ್’ ಮಾತ್ರ ಬೇರೆಯೇ ಪದ. ಅದು ಸಾವಿರ ಎಂಬರ್ಥದ ಲ್ಯಾಟಿನ್ ಪದ ‘ಮಿಲ್ಲೆ’ಗೆ ಸಂಬಂಧಿಸಿದ್ದು, ಮಿಲಿಮೀಟರ್ ಪದದಲ್ಲಿರುವುದೂ ಅದೇ.